ಜೋಡಿ ಮತ್ತೇನು ಬಂದ್ ಆಗೈತಿ?

ಕಾರಿನ ರೇಡಿಯೋ ಬಂದ್ ಆಗಿದೆ ಎಂದು ಹುಬ್ಬಳ್ಳಿಯಲ್ಲಿ ಯಾರ ಮುಂದಾದರೂ ಹೇಳಿ ನೋಡಿ. "ಹೊಸಾದ್ ಹಾಕಿಸಿಬಿಡ್ರಿ, ಈಗೆಲ್ಲಾ ದೊಡ್ಡ ಸ್ಕ್ರೀನಿಂದು ಬಂದಾವ" ಎನ್ನುತ್ತಾರೆ. ಯಾವಾಗಿನಿಂದ ನಿಂತಿದೆ, ಏನು ಮಾಡುವಾಗ ನಿಂತಿತು ಎಂದು ಕೇಳುವವರು ಸಿಗುವುದಿಲ್ಲ. ಅಂಗಡಿಯವರು ಕೇಳದಿದ್ದರೆ ಅದಕ್ಕೊಂದು ಕಾರಣವಿದೆ, ಅವರಿಗೆ ಸೆಟ್ ಮಾರಬೇಕು. ಆದರೆ ನಮ್ಮ ಸ್ಟಾಫ್ ರೂಮಿನವರಿಗೆ, ಕೇಶ್ವಾಪುರದ ನಮ್ಮ ಓಣಿಯ ರಿಟೈರ್ ಆದ ರೈಲ್ವೆ ಮಂದಿಗೆ, ನನ್ನ ಸ್ವಂತ ತಮ್ಮನಿಗೆ ಮಾರುವುದೇನೂ ಇಲ್ಲವಲ್ಲ. ಸಿಗ್ನಲ್ಲು, ರಿಲೇ ಅಂತಲೇ ಸರ್ವೀಸ್ ಮುಗಿಸಿದ ಎದುರುಮನೆಯ ಕಾಕಾ ಕೂಡ ನನ್ನ ಕಾರಿನೊಳಗೆ ತಲೆ ಹಾಕಿ, ಕತ್ತಲಾದ ಡಿಸ್‌ಪ್ಲೇ ಮೇಲೆ ಬೆರಳಿನಿಂದ ಟಕಟಕ ಬಡಿದು, "ಮುಗೀತಿದರ ಆಯುಷ್ಯ" ಎಂದು ತೀರ್ಪು ಕೊಟ್ಟು ಚಹಾಕ್ಕೆ ಹೋದರು.

ತೀರ್ಪಿಗೆ ಇಷ್ಟು ಅವಸರ ಯಾಕೆ ಎಂಬುದು ಅವತ್ತಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಆ ರೇಡಿಯೋದಲ್ಲಿ ಕೆಟ್ಟದ್ದು ಏನೂ ಇರಲಿಲ್ಲ, ಹತ್ತು ರೂಪಾಯಿಗೆ ಸಿಗುವ ಒಂದು ಫ್ಯೂಸ್ ಹಾರಿತ್ತು ಅಷ್ಟೇ. ಫ್ಯೂಸ್ ಬಗ್ಗೆ ಇಷ್ಟುದ್ದ ಬರೆಯುವುದೇ ಎಂದು ನಗುವವರು ನಗಲಿ. ಅದು ಸಿಕ್ಕ ಬಗೆ ನನಗೆ ಫ್ಯೂಸಿಗಿಂತ ದೊಡ್ಡದಾಗಿ ಕಾಣುತ್ತದೆ.

765ರ ಸಲುವಾಗಿ

ಫೋನಿನಲ್ಲಿ ಎಲ್ಲ ಸಿಗುವಾಗ ರೇಡಿಯೋ ಯಾಕೆ ಎಂಬುದಕ್ಕೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ನಾನು ಕೆಲಸಕ್ಕೆ ಗದಗಿಗೆ ಹೋಗಿ ಬರುವವಳು. ಅಣ್ಣಿಗೇರಿ ಹಾದಿಯಲ್ಲಿ ಎರಡೂ ಕಡೆ ಎರೆಹೊಲ, ಪಕ್ಕಕ್ಕೆ ರೈಲು ಹಳಿ, ಸುಗ್ಗಿಯಲ್ಲಾದರೆ ಮುಂದೆ ಹತ್ತಿ ಹೇರಿಕೊಂಡ ಟ್ರ್ಯಾಕ್ಟರು. ಆ ಹೊತ್ತಿನಲ್ಲಿ ಯಾವ ಹಾಡು ಕೇಳಲಿ ಎಂದು ನಾನೇ ಆರಿಸುತ್ತ ಕೂರುವುದು ನನಗೆ ಬೇಡ. ಬೇರೆ ಯಾರೋ ಆರಿಸಿ ಕಳಿಸಿದ್ದು ಕಿವಿಗೆ ಬೀಳುತ್ತಿರಬೇಕು, ಬೇಡವಾದದ್ದೂ ಸೇರಿ. ಧಾರವಾಡ ಆಕಾಶವಾಣಿ ಅದಕ್ಕೆ ಸರಿ. 1950ರ ಜನವರಿ 8ಕ್ಕೆ ಶುರುವಾದ ಕೇಂದ್ರ, ಮಲ್ಲಿಕಾರ್ಜುನ ಮನ್ಸೂರರು ಸಂಗೀತ ಸಲಹೆಗಾರರಾಗಿದ್ದ ಜಾಗ. ಈ ಭಾಗದವರಿಗೆ ನಾನು ಹೇಳಬೇಕಾಗಿಲ್ಲ. ಎಫ್‌ಎಂ 103ರ ವಿವಿಧ ಭಾರತಿ ಊರೊಳಗೆ ಚಂದ, ದೂರ ಹೋದಂತೆಲ್ಲ ಕರಕರ ಶುರು. ಮಧ್ಯಮ ತರಂಗದ, ಅಂದರೆ ಎಎಂ ಬ್ಯಾಂಡಿನ 765 ಕಿಲೋಹರ್ಟ್ಸ್ ಹಾಗಲ್ಲ, ಅದು ನೆಲ ಹಿಡಿದು ಬರುವ ಅಲೆ. ಹೈಟೆನ್ಷನ್ ತಂತಿಯ ಕೆಳಗೆ ಹೋಗುವಾಗ ಗುಂಯ್ ಎನ್ನುತ್ತದೆ, ತಂತಿ ದಾಟಿದ ಮೇಲೆ ಮತ್ತೆ ಮಾತಿಗೆ ಬರುತ್ತದೆ. ಗದಗಿನ ತನಕ ಕೈಬಿಡುವುದಿಲ್ಲ.

ಗೋಕುಲ ರೋಡಿನ ಆಕ್ಸೆಸರೀಸ್ ಅಂಗಡಿಯ ಹುಡುಗನಿಗೆ ನಾನು ಕೇಳಿದ್ದು ಒಂದೇ: "ಈ ಹೊಸಾ ಸೆಟ್‌ನ್ಯಾಗ ಎಎಂ ಬರ್ತೈತೇನಪಾ?" ಅವನು ನನ್ನನ್ನು, ನನ್ನ ಹಿಂದೆ ಯಾರಾದರೂ ಬರುತ್ತಿದ್ದಾರಾ ಎಂದು ಬಾಗಿಲನ್ನು ನೋಡಿದ. "ಸರ್ ಬಂದಿಲ್ಲೇನ್ರಿ?" ಎಂದ. ಬಂದಿಲ್ಲ ಎಂದೆ. "ಯೂಟ್ಯೂಬ್ ಬರ್ತೈತ್ರಿ ಮೇಡಂ" ಎಂದ. ಎಎಂ? ಸ್ಕ್ರೀನನ್ನು ಅಡ್ಡ ಉಜ್ಜಿ, ಉದ್ದ ಉಜ್ಜಿ, ಕೊನೆಗೆ ಒಳಗಿನವರನ್ನು ಕೇಳಿ ಬಂದು, "ಅದು ಈಗ ಯಾರೂ ಕೇಳೂದಿಲ್ರಿ" ಎಂದ. ಈ ದೊಡ್ಡ ಸ್ಕ್ರೀನಿನ ಸೆಟ್ಟುಗಳು ಎಷ್ಟೋ ಎಎಂ ಬ್ಯಾಂಡೇ ಇಲ್ಲದೆ ಬರುತ್ತವೆ. ಹಾಗಾಗಿ ಹಳೆಯದನ್ನೇ ಬದುಕಿಸಿಕೊಳ್ಳುವ ಗರಜು ನನ್ನದಾಯಿತು. ಗರಜಿಲ್ಲದಿದ್ದರೆ ನಾನೂ ಅವತ್ತೇ ಕಾರ್ಡ್ ಉಜ್ಜಿ ಬರುತ್ತಿದ್ದೆನೋ ಏನೋ.

ಮೂರು ದೂರು

ಆ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ಬೇವಿನ ಮರದ ಕೆಳಗೆ ಬೋರ್ಡಿಲ್ಲದ ಒಂದು ತಗಡಿನ ಶೆಡ್ಡಿದೆ. ಆಟೋ ಇಲೆಕ್ಟ್ರಿಕ್ ಕೆಲಸ. ಎಲ್ಲರೂ ಚಾಚಾ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಹೋದಾಗ ಒಂದು ಟಾಟಾ ಏಸ್‌ನ ಸ್ಟಾರ್ಟರ್ ಬಿಚ್ಚಿಕೊಂಡು ಕೂತಿದ್ದರು. ರೇಡಿಯೋ ಹತ್ತುತ್ತಿಲ್ಲ ಎಂದೆ. ತಲೆ ಎತ್ತಲಿಲ್ಲ.

"ಜೋಡಿ ಮತ್ತೇನು ಬಂದ್ ಆಗೈತಿ?"

ರೇಡಿಯೋ ಒಂದೇ ಎಂದೆ. "ಒಂದ ಅಂತ ನೀವ್ ನೋಡೀರೇನ್ರಿ, ಇಲ್ಲಾ ಹಂಗ ಅನಸ್ತೈತೇನ್ರಿ?" ಎಂದು ಕೇಳಿ ಕೈ ಒರೆಸಿಕೊಳ್ಳತೊಡಗಿದರು. ಆಮೇಲೆ ಒಂದೊಂದಾಗಿ ಶುರುವಾಯಿತು. ಬಾಗಿಲು ತೆಗೆದರೆ ಒಳಗಿನ ಲೈಟ್ ಹತ್ತುತ್ತದೋ? ಹತ್ತುತ್ತದೆ. ಹಾರ್ನು? ಇದೆ. ವೈಪರು? ಇದೆ. ಮೊಬೈಲ್ ಚಾರ್ಜ್ ಹಚ್ಚುವ ಸಾಕೆಟ್? ಅದಕ್ಕೆ ನಾನು, ಚಾರ್ಜರ್ ಕೇಬಲ್ ಕೆಟ್ಟಿದೆ, ಮಗಳು ಹೊಸದು ತರಿಸಿದ್ದಾಳೆ, ಇನ್ನೂ ಬಂದಿಲ್ಲ ಎಂದೆ. ಚಾಚಾ ಮುಗುಳ್ನಕ್ಕರು. ಕಿಸೆಯಿಂದ ತಮ್ಮದೇ ಚಾರ್ಜರ್ ತೆಗೆದು ಸಾಕೆಟ್ಟಿಗೆ ತುರುಕಿದರು. ಅದೂ ಹತ್ತಲಿಲ್ಲ. "ಕನ್ನಡಿ ಬಟನ್ ಒತ್ರಿ." ಬಾಗಿಲ ಕನ್ನಡಿ ಆಚೆಗೂ ಇಲ್ಲ, ಈಚೆಗೂ ಇಲ್ಲ. ಅದನ್ನು ನಾನು ಯಾವತ್ತೂ ಅಲುಗಾಡಿಸುವುದಿಲ್ಲ, ಹೀಗಾಗಿ ಗೊತ್ತಾಗಿರಲಿಲ್ಲ.

ಅಷ್ಟರಲ್ಲಿ ಮುಕ್ಕಾಲು ಕೆಲಸ ಆಗಿಹೋಗಿತ್ತು. ರೇಡಿಯೋಗೆ ಎರಡು ಕಡೆಯಿಂದ ಕರೆಂಟ್ ಬರುತ್ತದೆ. ಒಂದು ಯಾವಾಗಲೂ ಇರುವಂಥದ್ದು, ಚಾವಿ ತೆಗೆದರೂ ಇರುತ್ತದೆ. ಸ್ಟೇಷನ್ನುಗಳ ನೆನಪು ಉಳಿಯುವುದು ಅದರಿಂದ. ಇನ್ನೊಂದು ಚಾವಿಯನ್ನು ಮೊದಲ ಹಲ್ಲಿಗೆ ತಿರುಗಿಸಿದಾಗ ಮಾತ್ರ ಬರುವಂಥದ್ದು. ನನ್ನ ಕಾರಿನಲ್ಲಿ ಮೊದಲನೆಯದು ಒಳಗಿನ ಲೈಟಿನ ಜೊತೆ ಒಂದೇ ಫ್ಯೂಸಿನ ಮೇಲಿದೆ. ಆ ಲೈಟ್ ಹತ್ತುತ್ತಿದೆ ಅಂದಮೇಲೆ ಆ ಫ್ಯೂಸ್ ಸರಿಯಿದೆ. ಎರಡನೆಯದು ಚಾರ್ಜಿಂಗ್ ಸಾಕೆಟ್ಟು, ಕನ್ನಡಿಗಳ ಜೊತೆ ಇನ್ನೊಂದು ಫ್ಯೂಸಿನ ಮೇಲೆ. ಮೂರೂ ಒಟ್ಟಿಗೆ ನಿಂತಿವೆ. ಮೂರರಲ್ಲೂ ಬೇರೆ ಬೇರೆ ದೋಷ ಒಂದೇ ವಾರದಲ್ಲಿ ಬರುವುದುಂಟೇ? ಸ್ಟಿಯರಿಂಗ್ ಕೆಳಗೆ ಬಲಗಡೆ, ಮೊಣಕಾಲಿನ ಹತ್ತಿರ ಇರುವ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದು ನೋಡಿದರೆ ಎಲ್ಲ ಚಿತ್ರದಲ್ಲೇ ಬರೆದಿಟ್ಟಿದ್ದಾರೆ. ಹಾರ್ನಿಗೆ ಕಹಳೆ, ಸಾಕೆಟ್ಟಿಗೆ ಹೊಗೆಯಾಡುವ ಸಿಗರೇಟು, ಅದರ ಪಕ್ಕದಲ್ಲೇ ರೇಡಿಯೋದ ಹೆಸರು. ಇಷ್ಟು ವರ್ಷ ಆ ಮುಚ್ಚಳಕ್ಕೆ ನನ್ನ ಮೊಣಕಾಲು ತಾಗುತ್ತಲೇ ಇತ್ತು.

ಚಾಚಾನ ಬಳಿ ಮೀಟರ್ ಇದೆ, ಆದರೆ ಅದನ್ನು ಮುಟ್ಟಲಿಲ್ಲ. ಇಂಡಿಕೇಟರ್ ಬಲ್ಬಿಗೆ ಎರಡು ವಾಯರ್ ಬೆಸೆದ ಒಂದು ಟೆಸ್ಟ್ ಲ್ಯಾಂಪ್ ತೆಗೆದರು. ಒಂದು ವಾಯರಿನ ಚಿಮಟಿಯನ್ನು ಬಾಗಿಲ ಕೀಲಿನ ಬೋಲ್ಟಿಗೆ ಕಚ್ಚಿಸಿದರು, ಅದು ಅರ್ಥಿಂಗ್. ಇನ್ನೊಂದರ ಸೂಜಿಯನ್ನು ಫ್ಯೂಸಿನ ನೆತ್ತಿಗೆ ಇಟ್ಟರು. ಪ್ಲಾಸ್ಟಿಕ್ ಫ್ಯೂಸನ್ನು ಕೈಯಲ್ಲಿ ಹಿಡಿದು ನೋಡಿದರೆ ನೆತ್ತಿಯ ಮೇಲೆ ಎರಡು ಸಣ್ಣ ಕಿಂಡಿಗಳಿರುತ್ತವೆ, ಒಳಗಿನ ಲೋಹ ಅಲ್ಲಿ ಹೊರಗೆ ಇಣುಕುತ್ತದೆ. ಅವು ಇರುವುದೇ ಹೀಗೆ ನೋಡಲಿಕ್ಕೆ. ಫ್ಯೂಸ್ ಕೀಳದೆಯೇ ಗೊತ್ತಾಗುತ್ತದೆ. ಚಾವಿ ತಿರುಗಿಸಿ ಎಂದರು, ತಿರುಗಿಸಿದೆ. ಒಂದು ಕಿಂಡಿಯಲ್ಲಿ ಬಲ್ಬ್ ಹತ್ತಿತು, ಇನ್ನೊಂದರಲ್ಲಿ ಹತ್ತಲಿಲ್ಲ. ಅಲ್ಲಿಯ ತನಕ ಬಂದ ಕರೆಂಟ್ ದಾಟಿ ಹೋಗುತ್ತಿಲ್ಲ. ಎರಡೂ ಕಡೆ ಹತ್ತಿದ್ದರೆ ಫ್ಯೂಸ್ ಸರಿಯಿದೆ, ದೋಷ ಮುಂದೆ ಎಲ್ಲೋ ಇದೆ ಅಂತ. ಎರಡೂ ಕಡೆ ಹತ್ತದಿದ್ದರೆ ಕರೆಂಟೇ ಬರುತ್ತಿಲ್ಲ, ಹಿಂದಕ್ಕೆ ಹೋಗಿ ಹುಡುಕಬೇಕು.

ಚಾವಿ ಬಂದ್ ಮಾಡಿಸಿ, ಮುಚ್ಚಳದೊಳಗೇ ಸಿಕ್ಕಿಸಿಟ್ಟಿದ್ದ ಪ್ಲಾಸ್ಟಿಕ್ ಚಿಮಟಿಯಿಂದ ಫ್ಯೂಸ್ ಕಿತ್ತರು. ನೀಲಿ ಬಣ್ಣ, ಮೇಲೆ 15, ಅಂದರೆ 15 ಆಂಪಿಯರಿನದು. ಅದನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಈ ನೋಟದಲ್ಲಿ ನನಗೆ ಕಾಣದ್ದು ಅವರಿಗೆ ಕಂಡಿತ್ತು. ನಡುವಿನ ಸತುವಿನ ಪಟ್ಟಿ ಕರಗಿ ಕಡಿದಿದೆ, ಆದರೆ ಪ್ಲಾಸ್ಟಿಕ್ಕಿನ ಒಳಗೆ ಮಸಿ ಹಿಡಿದಿಲ್ಲ. "ಶಾರ್ಟ್ ಆಗಿದ್ರ ಒಳಗೆಲ್ಲಾ ಕರ್ರಗ ಆಗ್ತಿತ್ತ್ರಿ. ಇದು ಲೋಡ್ ಜಾಸ್ತಿ ಆಗಿ ಸಾವಕಾಶ ಕರಗೈತಿ. ಸಾಕೆಟ್ಟಿಗೆ ಏನರ ಹಚ್ಚಿದ್ರೇನ್ರಿ?"

ಆಗ ತಮ್ಮ ನೆನಪಾದ. ಹಿಂದಿನ ಭಾನುವಾರ ಕಾರು ತೆಗೆದುಕೊಂಡು ಹಾವೇರಿಗೆ ಹೋಗಿದ್ದ. ಬಂದವನು ಟೈರಿಗೆ ಗಾಳಿ ಹೊಡೆಯುವ ಪಂಪ್ ಅಟ್ಟಕ್ಕೆ ಎಸೆದು, "ಅಕ್ಕಾ, ಇದು ಡಬ್ಬಾ ಐತಿ, ಎರಡು ಗಾಲಿಗೆ ಹೊಡ್ದು ಮೂರನೇದಕ್ಕ ಸತ್ತ್‌ಹೋತು" ಎಂದಿದ್ದ. ಹೊಸ ಪಂಪ್ ನೋಡಲೂ ಶುರುಮಾಡಿದ್ದ. ಫೋನ್ ಮಾಡಿ ವಿಚಾರಿಸಿದರೆ, ಪಂಪಿನ ಜೊತೆಗೇ ಜೋಡಿ ಸಾಕೆಟ್ ಹಚ್ಚಿ ತನ್ನ ಫೋನು, ಗೆಳೆಯನ ಫೋನು ಎರಡನ್ನೂ ಚಾರ್ಜಿಗೆ ಹಾಕಿದ್ದನಂತೆ, ರೇಡಿಯೋದಲ್ಲಿ ಹಾಡೂ ಇತ್ತಂತೆ. ಲೆಕ್ಕ ಹಾಕಿ ನೋಡಿ: 150 ವ್ಯಾಟಿನ ಪಂಪ್ ಅಂದರೆ 12 ವೋಲ್ಟಿಗೆ ಹನ್ನೆರಡೂವರೆ ಆಂಪಿಯರ್. ಟೈರಿನೊಳಗೆ ಒತ್ತಡ ಏರಿದಂತೆ ಮೋಟರಿಗೆ ಇನ್ನೂ ಭಾರ. ಅದರ ಮೇಲೆ ಎರಡು ಫೋನು, ಒಂದು ಹಾಡು. 15ರ ಗಡಿ ದಾಟಿದೆ, ಆದರೆ ಬಹಳ ದಾಟಿಲ್ಲ. ಹಾಗಾಗಿಯೇ ಕೂಡಲೇ ಹಾರದೆ ಎರಡು ಗಾಲಿ ತಡೆದುಕೊಂಡಿದೆ. ಕಾರಿನ ಫ್ಯೂಸುಗಳು ತಮ್ಮ ಅಂಕಿಗಿಂತ ಮೂರನೇ ಒಂದು ಪಾಲು ಹೆಚ್ಚು ಕರೆಂಟನ್ನು ಕೆಲವು ನಿಮಿಷ ತಡೆಯಬಹುದು. ಎರಡು ಪಟ್ಟಾದರೆ ಐದು ಸೆಕೆಂಡಿನೊಳಗೆ ಕರಗುತ್ತವೆ.

ಅಂದರೆ ನಮ್ಮ ಮನೆಯಲ್ಲಿ ಒಂದೇ ಫ್ಯೂಸಿಗೆ ಮೂರು ದೂರು ಹುಟ್ಟಿದ್ದವು. ತಮ್ಮನ ಪ್ರಕಾರ ಪಂಪ್ ಕೆಟ್ಟಿದೆ. ಮಗಳ ಪ್ರಕಾರ ಕೇಬಲ್ ಕೆಟ್ಟಿದೆ. ಓಣಿಯವರ ಪ್ರಕಾರ ರೇಡಿಯೋ ಕೆಟ್ಟಿದೆ. ಮೂರಕ್ಕೂ ಹೊಸದು ತರುವ ಮಾತು ಬೇರೆ ಬೇರೆ ದಿನ, ಬೇರೆ ಬೇರೆ ಬಾಯಲ್ಲಿ ನಡೆದಿತ್ತು. ಅವನ್ನು ಒಂದು ಕಡೆ ಕೂಡಿಸಿ ಕೇಳುವವರು ಯಾರೂ ಇರಲಿಲ್ಲ, ಅಷ್ಟೇ. ಹೊಸ ಫ್ಯೂಸ್ ಹಾಕುವ ಮೊದಲು ಚಾಚಾ ಸಾಕೆಟ್ಟಿನೊಳಗೆ ಟಾರ್ಚ್ ಬಿಟ್ಟು ನೋಡಿದರು. "ಹುಡುಗ್ರು ರೂಪಾಯಿ ನಾಣ್ಯ ಹಾಕಿರ್ತಾವ್ರಿ ಇದರಾಗ." ನಮ್ಮದರಲ್ಲಿ ಏನೂ ಇರಲಿಲ್ಲ. ಫ್ಯೂಸ್ ಕೂತಿತು, ಚಾವಿ ತಿರುಗಿತು, ರೇಡಿಯೋ ಎಲ್ಲಿ ಬಿಟ್ಟಿತ್ತೋ ಅದೇ 765ಕ್ಕೆ ಬಂದು ನಿಂತಿತು. ಸ್ಟೇಷನ್ ನೆನಪು ಉಳಿದಿದ್ದರಿಂದ ಒಳಗಿನ ಲೈಟಿನ ಸಾಕ್ಷಿಯೂ ನಿಜವಾಯಿತು.

ದಪ್ಪ ತಂತಿ

ಹಾಗಾದರೆ 15ರ ಬದಲು 20 ಹಾಕಿಬಿಟ್ಟರೆ ಪಂಪೂ ನಡೆಯುತ್ತದಲ್ಲ ಎಂದು ತಮ್ಮ ಕೇಳಿದ. ಹಳದಿ ಫ್ಯೂಸ್ ಅದೇ ಜಾಗದಲ್ಲಿ ಸಲೀಸಾಗಿ ಕೂರುತ್ತದೆ, ಹಸಿರು 30 ಕೂಡ ಕೂರುತ್ತದೆ. ಕೆಂಪು 10, ನೀಲಿ 15, ಹಳದಿ 20, ಹಸಿರು 30: ಬಣ್ಣ ಬದಲಾಗುತ್ತದೆ, ಹಲ್ಲಿನ ಅಳತೆ ಅದೇ. ತಯಾರಿಸಿದವರು ಅಳತೆಯನ್ನೂ ಬೇರೆ ಮಾಡಿದ್ದರೆ ನಮ್ಮ ದೇಶದಲ್ಲಿ ಎಷ್ಟೋ ಕಾರುಗಳ ವಾಯರಿಂಗ್ ಉಳಿಯುತ್ತಿತ್ತು ಎಂದು ನನಗನ್ನಿಸುತ್ತದೆ.

ಈ ಮಾತಿಗೆ ನನ್ನ ನೆನಪು ಹೋಗುವುದು ಬೆಟಗೇರಿಗೆ. ಅಲ್ಲಿ ನಮ್ಮ ಕಾಕಾನದು ಕರೆಂಟಿನ ಮಗ್ಗದ ಶೆಡ್ಡು. ಗೋಡೆಯ ಮೇಲೆ ಕಟ್ಟಿಗೆ ಹಲಗೆ, ಅದರ ಮೇಲೆ ಬಿಳಿ ಪಿಂಗಾಣಿ ಫ್ಯೂಸುಗಳ ಸಾಲು. ನಾನು ಹೈಸ್ಕೂಲಿನಲ್ಲಿದ್ದ ಬೇಸಿಗೆಯಲ್ಲಿ ಅದರಲ್ಲೊಂದು ಮೇಲಿಂದ ಮೇಲೆ ಹಾರುತ್ತಿತ್ತು. ಹಾರಿದಾಗಲೆಲ್ಲ ಎಲ್ಲ ಮಗ್ಗ ಒಮ್ಮೆಲೆ ಸುಮ್ಮನಾಗುತ್ತಿದ್ದವು, ಎಳೆ ಕಡಿಯುತ್ತಿತ್ತು, ಸೀರೆಯ ನಡುವೆ ಗೆರೆ ಬೀಳುತ್ತಿತ್ತು. ಗೆರೆ ಬಿದ್ದ ಸೀರೆಗೆ ವ್ಯಾಪಾರಿ ರೊಕ್ಕ ಮುರಿಯುತ್ತಿದ್ದ. ಹೀಗಾಗಿ ಕಾಕಾ ಒಂದು ದಿನ ಫ್ಯೂಸ್ ತಂತಿಯ ಕಾರ್ಡನ್ನು ಬದಿಗಿಟ್ಟು, ಹಳೆ ಕೇಬಲ್ ಸುಲಿದು, ತಾಮ್ರದ ಎಳೆಗಳನ್ನು ಹುರಿ ಮಾಡಿ ಸುತ್ತಿದ. "ಇನ್ನ ಹೆಂಗ ಹಾರ್ತೈತಿ ನೋಡೂಣು" ಎಂದ. ಖರೆ, ಹಾರಲಿಲ್ಲ. ಮಳೆಗಾಲದ ತನಕ ಮಗ್ಗ ಒಂದೇ ಸಮ ನಡೆದವು. ನಮ್ಮ ಅಜ್ಜಿ ಒಂದು ರಾತ್ರಿ ಗೋಡೆಗೆ ಬೆನ್ನು ಹಚ್ಚಿ ಕೂತವಳು, "ಗ್ವಾಡಿ ಯಾಕ ಬೆಚ್ಚಗ ಐತಿ?" ಎಂದಳು. ವಾಯರಿನ ಮೇಲೆ ಬಡಿದ ಕಟ್ಟಿಗೆ ಪಟ್ಟಿ ಒಳಗಿನಿಂದ ಕಮರುತ್ತಿತ್ತು. ಮೇನ್ ಎಳೆದು ಬಂದ್ ಮಾಡಿದರು, ಮುಂದೇನೂ ಆಗಲಿಲ್ಲ. ಕರಿ ಪಟ್ಟೆಯೊಂದು ಮುಂದಿನ ಸುಣ್ಣದ ತನಕ ಗೋಡೆಯ ಮೇಲೆ ಉಳಿಯಿತು.

ಕಾಕಾನನ್ನು ಬೈಯುವುದು ಸುಲಭ. ನಾನು ಬೈಯುವುದಿಲ್ಲ. ಅವನಿಗೆ ಮಗ್ಗ ನಿಂತರೆ ಕೂಲಿ ನಿಲ್ಲುತ್ತಿತ್ತು, ಹಾರುವ ಫ್ಯೂಸ್ ಕಣ್ಣಿಗೆ ಕಾಣುತ್ತಿತ್ತು, ಬೆಚ್ಚಗಾಗುವ ವಾಯರ್ ಗೋಡೆಯೊಳಗೆ ಕಾಣದೆ ಇತ್ತು. ಮರುದಿನ ಬಂದ ವಾಯರ್‌ಮನ್ ಕೇಳಿದ್ದು, "ಹಾರೂ ಹೊತ್ತಿನ್ಯಾಗ ಯಾವ ಮಗ್ಗ ಚಾಲೂ ಮಾಡ್ತಿದ್ರಿ?" ಎಂದು. ಮಗ್ಗದ ಹುಡುಗನೊಬ್ಬ ಥಟ್ಟನೆ ಮೂರನೆಯದು ಎಂದ. ಮೂರನೆಯ ಮಗ್ಗದ ಮೋಟರಿನ ಬೇರಿಂಗ್ ಬಿಗಿದುಕೊಂಡಿತ್ತು. ಆ ಹುಡುಗನಿಗೆ ಬೇಸಿಗೆಯಿಂದಲೂ ಅದು ಗೊತ್ತಿತ್ತು, ಅವನನ್ನು ಯಾರೂ ಕೇಳಿರಲಿಲ್ಲ.

ಫ್ಯೂಸ್ ಇರುವುದು ರೇಡಿಯೋ ಕಾಯಲಿಕ್ಕೆ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಕಾರಿನ ಫ್ಯೂಸ್ ಬಾಕ್ಸಿನಲ್ಲಿರುವುದು ಮುಖ್ಯವಾಗಿ ಕಾಯುವುದು ವಾಯರನ್ನು. ರೇಡಿಯೋದ ಬೆನ್ನಿಗೆ ಅದರದೇ ಇನ್ನೊಂದು ಫ್ಯೂಸ್ ಇರುತ್ತದೆ. ವಾಯರಿನಲ್ಲಿ ಹುಟ್ಟುವ ಕಾವು ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ 15ರ ಜಾಗದಲ್ಲಿ 30 ಹರಿದರೆ ಕಾವು ನಾಲ್ಕು ಪಟ್ಟು. ವಾಯರ್ ಮಾತ್ರ ಅದೇ ಹಳೆಯ ತೆಳು ವಾಯರು, ಕಾರ್ಪೆಟ್ಟಿನ ಕೆಳಗೆ ಇತರ ಹತ್ತಾರು ವಾಯರುಗಳ ಜೊತೆ ಒಂದೇ ಕಟ್ಟಿನಲ್ಲಿ ಬಿಗಿದದ್ದು. ಒಂದರ ಪ್ಲಾಸ್ಟಿಕ್ ಕರಗಿದರೆ ಪಕ್ಕದ್ದಕ್ಕೂ ಅಂಟುತ್ತದೆ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಮಡಚಿ ಫ್ಯೂಸಿನ ಜಾಗದಲ್ಲಿ ತುರುಕಿದ್ದನ್ನು ಚಾಚಾ ಎಷ್ಟೋ ಕಾರಿನಿಂದ ತೆಗೆದಿದ್ದಾರಂತೆ. ತಮ್ಮನಿಗೆ ಇದೆಲ್ಲ ಹೇಳಿದ ಮೇಲೂ ಅವನು ಒಪ್ಪಿದ್ದು ಅಜ್ಜಿಯ ಗೋಡೆಯ ಕಥೆಗೆ ಮಾತ್ರ. ಈಗ ಬ್ಯಾಟರಿಗೇ ನೇರ ಕಚ್ಚಿಸುವ, ತನ್ನದೇ ಫ್ಯೂಸ್ ಇರುವ ಪಂಪ್ ತಂದಿದ್ದಾನೆ. ಹಳೆ ಪಂಪ್ ಕೆಟ್ಟಿರಲೇ ಇಲ್ಲ ಎಂದರೆ ಈಗಲೂ ಸಿಟ್ಟು ಬರುತ್ತದೆ ಅವನಿಗೆ.

ಹಿಂದಿನಿಂದ ಕಂಡದ್ದು

ಚಾಚಾನ ಆ ಪ್ರಶ್ನೆ ಹೀಗೆ ತಲೆಯಲ್ಲಿ ಕೂತ ಮೇಲೆ ಒಂದು ಸಂಜೆ ಗದಗಿನಿಂದ ವಾಪಸ್ ಬರುತ್ತಿದ್ದೆ. ಮುಂದೆ ನಮ್ಮ ಕಾಲೇಜಿನ ಸರ್ ಒಬ್ಬರ ಕಾರು. ಅವರೂ ಹುಬ್ಬಳ್ಳಿಯವರೇ, ನವನಗರ. ಬೆಳಕು ಇಳಿದಿತ್ತು. ಅವರ ಕಾರಿನ ಹಿಂದಿನ ಎರಡೂ ಲೈಟ್ ಇಲ್ಲ, ನಂಬರ್ ಪ್ಲೇಟೂ ಕತ್ತಲು. ಬ್ರೇಕ್ ಒತ್ತಿದಾಗ ಮಾತ್ರ ಕೆಂಪಗೆ ಹತ್ತಿ ಆರುತ್ತಿತ್ತು. ಆ ರಸ್ತೆಯಲ್ಲಿ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳಿಗೆ ಕಣ್ಣು ಹೊಂದಿಸಿಕೊಂಡು ಓಡಿಸುವುದೇ ಒಂದು ಕೆಲಸ, ಕಾರೂ ಹೀಗಾದರೆ ಹೇಗೆ? ಅಣ್ಣಿಗೇರಿಯಲ್ಲಿ ಅವರು ಚಹಾಕ್ಕೆ ನಿಲ್ಲಿಸಿದಾಗ ನಾನೂ ನಿಲ್ಲಿಸಿದೆ.

"ಗೊತ್ತೈತ್ರಿ ಮೇಡಂ. ಬಲ್ಬ್ ಹೊಸಾವ್ ಹಾಕ್ಸೀನಿ, ಹೋಲ್ಡರ್ ಬದಲಿಸಬೇಕು ಅಂದಾರ" ಎಂದರು. ಎರಡೂ ಕಡೆಯ ಬಲ್ಬು, ನಂಬರ್ ಪ್ಲೇಟಿನ ಬಲ್ಬು ಒಂದೇ ಸಲ ಹೋಗುವುದು ನನಗೆ ಒಪ್ಪಲಿಲ್ಲ. "ಜೋಡಿ ಮತ್ತೇನು ಬಂದ್ ಆಗೈತ್ರಿ ಸರ?" ಎಂದೆ. ಏನೂ ಇಲ್ಲ ಎಂದರು. ಡ್ಯಾಶ್‌ಬೋರ್ಡಿನ ಮೀಟರ್ ಲೈಟು? "ಹಾಂ, ಅವು ಹತ್ತೂದಿಲ್ರಿ. ಸ್ಕ್ರೀನ್ ಹಾಕ್ಸಿದಾಗಿಂದ ಹತ್ತೂದಿಲ್ಲ. ಸ್ಕ್ರೀನಿನ ಬೆಳಕಿನ್ಯಾಗ ಎಲ್ಲಾ ಕಾಣ್ತೈತಲ್ಲ, ಹಿಂಗಾಗಿ ಬಿಟ್ಟೀನಿ."

ಸ್ಕ್ರೀನ್ ಹಾಕಿಸಿದಾಗಿನಿಂದ. ರೇಡಿಯೋ ಚೆನ್ನಾಗಿಯೇ ಹಾಡುತ್ತಿತ್ತು, ಆದ್ದರಿಂದ ಅದರ ಮೇಲೆ ಯಾರಿಗೂ ಸಂಶಯ ಬಂದಿರಲಿಲ್ಲ. ಆದರೆ ಸೆಟ್ಟಿನ ಹಿಂದೆ ಕೆಂಪು, ಹಳದಿ, ಕಪ್ಪು ವಾಯರುಗಳ ಜೊತೆ ಕಿತ್ತಳೆ ಬಣ್ಣದ್ದೂ ಒಂದು ಇರುತ್ತದೆ. ಪಾರ್ಕಿಂಗ್ ಲೈಟ್ ಹಾಕಿದಾಗ ಸೆಟ್ಟಿಗೂ ರಾತ್ರಿಯಾಯಿತು ಎಂದು ತಿಳಿಸುವ ವಾಯರ್ ಅದು. ಹಿಂದಿನ ಲೈಟು, ನಂಬರ್ ಪ್ಲೇಟು, ಮೀಟರ್ ಲೈಟು ಎಲ್ಲ ಇರುವ ಸರ್ಕಿಟ್ಟಿನಿಂದಲೇ ಅದು ಬರುತ್ತದೆ. ಬ್ರೇಕ್ ಲೈಟ್ ಬೇರೆ ಫ್ಯೂಸ್, ಅದಕ್ಕೇ ಅದೊಂದು ಹತ್ತುತ್ತಿತ್ತು. ಇಷ್ಟನ್ನು ನಾನು ಊಹಿಸಿದೆ, ಖಾತ್ರಿ ಮಾಡಿದ್ದು ಚಾಚಾ.

ಶನಿವಾರ ಮಧ್ಯಾಹ್ನ ಸರ್‌ಗೆ ದಾರಿ ತೋರಿಸಲು ನಾನೂ ಹೋದೆ. ಕೆಂಪು 10ರ ಫ್ಯೂಸ್ ಕಿತ್ತರೆ ಒಳಗೆಲ್ಲ ಮಸಿ, ಗೋಡೆಗೆ ಲೋಹದ ಸಣ್ಣ ಹನಿಗಳು ಸಿಡಿದು ಅಂಟಿವೆ. ನನ್ನ ನೀಲಿ ಫ್ಯೂಸಿಗೂ ಇದಕ್ಕೂ ವ್ಯತ್ಯಾಸ ಈಗ ನನ್ನ ಕಣ್ಣಿಗೂ ಬಿತ್ತು. ಇದು ಶಾರ್ಟ್. ಹೊಸದು ಹಾಕಿ ಲೈಟ್ ಸ್ವಿಚ್ ತಿರುಗಿಸಿದ ಕೂಡಲೇ ಅದೂ ಹಾರಿತು. ಇನ್ನೊಂದು ಹಾಕುತ್ತಾರೆಂದು ನೋಡುತ್ತಿದ್ದರೆ ಚಾಚಾ ಹಾಕಲಿಲ್ಲ. ಫ್ಯೂಸಿನ ಜಾಗದ ಎರಡು ಹಲ್ಲುಗಳಿಗೆ ತಮ್ಮ ಟೆಸ್ಟ್ ಲ್ಯಾಂಪಿನ ಎರಡು ತುದಿ ಸಿಕ್ಕಿಸಿದರು. ಬಲ್ಬ್ ಪೂರ್ತಿ ಝಗ್ ಎಂದು ಹತ್ತಿತು. ಈ ಉಪಾಯ ನನಗೆ ಬಹಳ ಹಿಡಿಸಿತು. ಕರೆಂಟ್ ಈಗ ಬಲ್ಬಿನ ಮೂಲಕವೇ ಹೋಗಬೇಕು, ಹಾಗಾಗಿ ಎಷ್ಟು ಶಾರ್ಟ್ ಇದ್ದರೂ ವಾಯರ್ ಸುಡುವಷ್ಟು ಹರಿಯುವುದಿಲ್ಲ. ಒಂದೊಂದೇ ಸಲಕರಣೆ ಬಿಚ್ಚುತ್ತ ಹೋಗಬಹುದು, ಫ್ಯೂಸ್ ಮೇಲೆ ಫ್ಯೂಸ್ ಸುಡಬೇಕಾಗಿಲ್ಲ. ಯಾವುದನ್ನು ಬಿಚ್ಚಿದಾಗ ಬಲ್ಬ್ ಮಂದವಾಗುತ್ತದೋ ದೋಷ ಅಲ್ಲಿ. ಎಡಗಡೆಯ ಲೈಟಿನ ಕಪ್ಲರ್ ತೆಗೆದರು, ಬಲ್ಬ್ ಹಾಗೇ. ಬಲಗಡೆಯದು, ಹಾಗೇ. ಸ್ಕ್ರೀನ್ ಹೊರಗೆಳೆದು ಅದರ ಬೆನ್ನಿನ ವಾಯರ್ ಗೊಂಚಲನ್ನು ಕೈಯಲ್ಲಿ ಸರಿಸಿದ್ದೇ ತಡ, ಬಲ್ಬ್ ಕುಗ್ಗಿತು. ಕಿತ್ತಳೆ ವಾಯರಿನ ತುದಿ ಸುಲಿದಿತ್ತು, ಯಾವುದಕ್ಕೂ ಜೋಡಿಸದೆ ಬರೀ ಟೇಪ್ ಸುತ್ತಿ ಬಿಟ್ಟಿದ್ದರು, ಹುಬ್ಬಳ್ಳಿಯ ಬಿಸಿಲಿಗೆ ಟೇಪಿನ ಅಂಟು ಬಿಚ್ಚಿಕೊಂಡಿತ್ತು. ತಾಮ್ರ ಹಿಂದಿನ ಕಬ್ಬಿಣದ ಪಟ್ಟಿಗೆ ತಾಗಿ ಕೂತಿತ್ತು. ಸರಿಯಾಗಿ ಬೆಸೆದು, ಸ್ಲೀವ್ ಏರಿಸಿ, ಹೊಸ ಕೆಂಪು ಫ್ಯೂಸ್ ಹಾಕಿದರು. ಹಿಂದಿನ ಲೈಟು, ನಂಬರ್ ಪ್ಲೇಟು, ಮೀಟರು ಮೂರೂ ಒಮ್ಮೆಲೆ ಹತ್ತಿದವು.

ನೋಡಿದ್ದಕ್ಕೆ ರೊಕ್ಕ

ಈ ಎರಡೂ ಸಲ ನಾನು ಗಮನಿಸಿದ್ದು ಚಾಚಾನ ಬಿಲ್ಲು. ನನ್ನ ಕಾರಿಗೆ ಹಿಡಿದ ಸಮಯದಲ್ಲಿ ಫ್ಯೂಸ್ ಹಾಕಿದ್ದು ಅರ್ಧ ನಿಮಿಷ, ಉಳಿದದ್ದೆಲ್ಲ ಕೇಳುವುದು, ನೋಡುವುದು. ದುಡ್ಡು ತೆಗೆದುಕೊಂಡದ್ದು ಮಾತ್ರ ಫ್ಯೂಸಿನದ್ದು, ಮೇಲೆ ಚಹಾಕ್ಕಾಗುವಷ್ಟು. ಆ ಆಕ್ಸೆಸರೀಸ್ ಅಂಗಡಿಯ ಹುಡುಗನಿಗೆ ಬುದ್ಧಿ ಕಡಿಮೆ ಎಂದು ನನಗೆ ಅನಿಸುವುದಿಲ್ಲ. ಅವನು ಅರ್ಧ ತಾಸು ನನ್ನ ಕಾರಿನ ಕೆಳಗೆ ಮಲಗಿ ಹತ್ತು ರೂಪಾಯಿಯ ಫ್ಯೂಸ್ ಮಾರಿದರೆ ಅವನ ಮಾಲೀಕ ಸಂಜೆ ಏನನ್ನುತ್ತಾನೆ? ಸೆಟ್ ಬದಲಿಸಿದರೆ ಹುಡುಕುವ ತ್ರಾಸೂ ಇಲ್ಲ, ಗಿರಾಕಿಗೂ ದುಡ್ಡು ಕೊಟ್ಟದ್ದು ಕೈಯಲ್ಲಿ ಕಾಣುತ್ತದೆ. ನಾವು ಸಾಮಾನಿಗೆ ಸಾವಿರ ಎಣಿಸುತ್ತೇವೆ. "ಏನೂ ಆಗಿಲ್ರಿ, ಬರೇ ನೋಡೀನಿ" ಎಂದವನಿಗೆ ಐವತ್ತು ಕೊಡಲು ಕೈ ಹಿಂದೆಮುಂದೆ ನೋಡುತ್ತದೆ. ಹೀಗಿರುವಾಗ ಯಾರು ನೋಡುತ್ತಾರೆ? ಹೊಸ ಕಾರುಗಳಲ್ಲಿ ವಾಯರಿಂಗ್ ಇನ್ನೂ ಜಟಿಲ. ಹಳೇ ಅಂಬಾಸಿಡರಿನಲ್ಲಿ ಬೆರಳೆಣಿಕೆಯ ಗಾಜಿನ ಫ್ಯೂಸುಗಳಿದ್ದವು, ಈಗ ಒಂದು ಸಾಧಾರಣ ಕಾರಿನಲ್ಲೂ ಎರಡೆರಡು ಬಾಕ್ಸು. ನೋಡುವ ಕೆಲಸ ಹೆಚ್ಚಾಗಿದೆ, ನೋಡುವವನ ಕೂಲಿ ಅಲ್ಲೇ ನಿಂತಿದೆ.

ಸರ್ ಅವತ್ತು ಪರ್ಸ್ ತೆಗೆದು, "ಎಷ್ಟಾತ್ರಿ?" ಎಂದರು. ಚಾಚಾ ಎರಡು ಫ್ಯೂಸು, ಒಂದು ಸ್ಲೀವು ಎಂದು ಲೆಕ್ಕ ಹಾಕತೊಡಗಿದರು. ನಾನು ನಡುವೆ ಬಾಯಿ ಹಾಕಿದೆ. ಒಂದು ತಾಸು ಹುಡುಕಿದ್ದು ಲೆಕ್ಕಕ್ಕಿಲ್ಲವೇ, ಅದಕ್ಕೆ ಬೇರೆ ದುಡ್ಡು ಹಚ್ಚಿ ಎಂದೆ. ಸರ್ ಕೂಡ ಹೌದೆಂದರು, ಹೋಲ್ಡರ್ ಬದಲಿಸಿದ್ದರೆ ಆಗುತ್ತಿದ್ದ ಖರ್ಚು ಅವರಿಗೆ ಗೊತ್ತಿತ್ತು.

ಚಾಚಾ ಜೋರಾಗಿ ನಕ್ಕರು. "ಹಂಗಾರ ಬೋರ್ಡ್ ಹಾಕಸ್ಲೇನ್ರಿ, ನೋಡೂದಕ್ಕ ನೂರು ರೂಪಾಯಿ ಅಂತ? ಮರುದಿವ್ಸ ಒಬ್ಬಾಂವರ ಈ ಗಲ್ಲಿಗೆ ಬಂದ್ರ ನೋಡ್ರಿ." ಆದರೂ ಸರ್ ಕೊಟ್ಟ ನೋಟನ್ನು ಈ ಸಲ ಪೂರ್ತಿ ಇಟ್ಟುಕೊಂಡರು. ಡಬ್ಬಿಯಿಂದ ನೀಲಿ ಎರಡು, ಕೆಂಪು ಎರಡು ಫ್ಯೂಸ್ ಎಣಿಸಿ ಅವರ ಕೈಗೆ ಹಾಕಿ, "ಮನ್ಯಾಗಲ್ಲ, ಗಾಡಿಯೊಳಗ ಇಡ್ರಿ" ಎಂದರು.